ಖಂಡೇಪೂಜೆಯ ಫ್ರಿಜ್

ಅನುರಾಧಾಳಿಗೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವಷ್ಟು ವೇಳೆ ಇರಲಿಲ್ಲ. ಸಂಶೋಧನೆಗೆ ಸಿಕ್ಕಿದ್ದ ಫೆಲೋಶಿಪ್ ಡಿಸೆಂಬರಿಗೆ ಮುಗಿಯುತ್ತಿತ್ತು. ದಸರೆ ರಜೆ ಕಳೆದು ಸೋಮವಾರ ಬೆಳಿಗ್ಗೆ ವಿದ್ಯಾಗಿರಿಯ ಕಾಲೇಜಿನಲ್ಲಿ ಪ್ರಯೋಗಾಲಯದ ಬೀಗ ತೆಗೆದಾಗ ಫ್ರಿಜ್ಜಿನ ಸದ್ದು ಕೇಳಲಿಲ್ಲ. ಅದರ ಬಾಗಿಲಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಹಿಡಿಕೆಗೆ ಬಾಡಿದ ಚೆಂಡುಹೂವಿನ ಸರ. ಪ್ಲಗ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಲಿಟ್ಟಿದ್ದರು.

ಒಳಗೆ ಕೈಹಾಕಿದಳು. ಬೆಚ್ಚಗಿತ್ತು.

ಒಳಗಿದ್ದದ್ದು ಮೊಳಕೆ ಜೋಳದಿಂದ ಅವಳೇ ತೆಗೆದ ಕಿಣ್ವ, ಗಂಜಿಯನ್ನು ಸಕ್ಕರೆ ಮಾಡುವ ಪ್ರೋಟೀನು. ಕಾವು ತಾಗಿದರೆ ಅದು ಕೆಡುತ್ತದೆ. ಚಿನ್ನದ ನ್ಯಾನೋ ಕಣಗಳಿಗೆ ಅಂಟಿಸಿದರೆ ಕಾವನ್ನು ತಡೆದೀತೇ ಎಂಬುದೇ ಅವಳ ಸಂಶೋಧನೆ. ಅರ್ಧ ನಳಿಗೆಗಳಲ್ಲಿ ಬರೀ ಕಿಣ್ವ, ಅರ್ಧದಲ್ಲಿ ಚಿನ್ನ ಕೂಡಿಸಿದ್ದು; ಅಷ್ಟು ಸಣ್ಣ ಕಣವಾದ ಚಿನ್ನ ನೀರಿನಲ್ಲಿ ಕೆಂಪಗೆ ಕಾಣುತ್ತದೆ. ರಜೆ ಮುಗಿದ ಮೇಲೆ ಎರಡನ್ನೂ ಒಂದೊಂದೇ ಡಿಗ್ರಿ ಏರಿಸಿ ಕಾಯಿಸಿ ಹೋಲಿಸುವುದಿತ್ತು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಜವಾನ ದುರ್ಗಪ್ಪ ಯಂತ್ರಗಳಿಗೆಲ್ಲ ವಿಭೂತಿ ಹಚ್ಚುತ್ತ ಬಂದವನು ಕೆಂಪು ನಳಿಗೆ ನೋಡಿ ನಿಂತಿದ್ದ.

"ಇದರಾಗ ಬಂಗಾರ ಐತಿ ಅಂತಿ. ಸೋಸಿದ್ರ ಒಂದು ಮೂಗಬಟ್ಟರ ಆದೀತೇನ್ ತಂಗಿ?"

"ಸೊಳ್ಳಿ ಮೂಗಿಗೆ ಆದೀತು ಕಾಕಾ."

ದುರ್ಗಪ್ಪ ನಕ್ಕಿದ್ದ. "ಎಲ್ಲಾ ಬಂದ್ ಮಾಡ್ಲೇನು ಮತ್ತ?"

ಅವಳು ಇಳಕಲ್ಲಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದಳು. "ಪೂಜಿ ಮಾಡಿದ್ದನ್ನ ಯಾರರ ನಡಸ್ತಾರೇನ್ರಿ? ನಮ್ಮನ್ಯಾಗ ಬನ್ನಿ ಹಬ್ಬ ಮುಗಿಯೂ ತನಕ ಮಗ್ಗಕ್ಕ ಕೈ ಹಚ್ಚಂಗಿಲ್ಲ. ಎಲ್ಲಾ ಬಂದ್ ಮಾಡ್ರಿ."

ಫ್ರಿಜ್ಜೂ ಒಂದು ಯಂತ್ರ ಎಂದು ಅವಳಿಗೆ ಹೊಳೆಯಲಿಲ್ಲ. ದುರ್ಗಪ್ಪನಿಗೆ ಹೊಳೆದಿತ್ತು.

ಈಗ ಅವಳು ಗಂಜಿ ಕಾಸಿ ಆರಿಸಿದಳು. ಅದನ್ನು ಸಣ್ಣ ಬಟ್ಟಲುಗಳಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ನಳಿಗೆಯ ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಅಯೋಡಿನ್ ಹಾಕಿದಳು. ಕಿಣ್ವ ಜೀವಂತವಿದ್ದರೆ ಗಂಜಿ ಕರಗಿರುತ್ತದೆ, ಬಣ್ಣ ಬರುವುದಿಲ್ಲ. ಸತ್ತಿದ್ದರೆ ಗಾಢ ನೀಲಿ. ಬರೀ ಕಿಣ್ವದ್ದೆಲ್ಲ ನೀಲಿಯಾಯಿತು. ಬೇಕಾದಾಗ ತೆಗೆದುಕೊಳ್ಳಲೆಂದು ಅದೇ ಫ್ರಿಜ್ಜಿನಲ್ಲಿ ಬಾಟಲಿ ತುಂಬಿಟ್ಟಿದ್ದ ಮೂಲ ಕಿಣ್ವವೂ ನೀಲಿ. ಚಿನ್ನ ಕೂಡಿಸಿದ್ದು ಒಂದೂ ನೀಲಿಯಾಗಲಿಲ್ಲ. ಮತ್ತೊಮ್ಮೆ ಮಾಡಿದಳು. ಆಗಲೂ ಇಲ್ಲ. ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ.

ಅವಳ ಮಾರ್ಗದರ್ಶಕ ಅಂದಾನಪ್ಪ ಸರ್ ಬಂದವರೇ ವೈರು ನೋಡಿದರು. "ಇದನ್ನ ಯಾಂವಲೇ ಕಿತ್ತಾಂವ?"

ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ದುರ್ಗಪ್ಪ ಅನುರಾಧಾಳ ಕಡೆ ನೋಡಿದ.

"ನಾನ ಹೇಳಿದ್ದೆ ಸರ್," ಎಂದಳು. "ಆದ್ರ ಬಂಗಾರ ಕೂಡಿಸಿದ್ದು ಉಳದೈತ್ರಿ. ಎಲ್ಲಾನೂ."

ಅವರು ಒಂದು ಕೆಂಪು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಎಷ್ಟು ಡಿಗ್ರಿಗೆ ಉಳೀತು?"

"ಗೊತ್ತಿಲ್ರಿ."

"ಥರ್ಮಾಮೀಟರ್ ಇತ್ತೇನು ಒಳಗ?"

"ಇದ್ದಿಲ್ರಿ."

"ಬರೀ ಕಿಣ್ವ ಎಷ್ಟು ತಾಸಿಗೆ ಸತ್ತಿತು?"

ಅವಳು ನೀಲಿ ಬಟ್ಟಲುಗಳನ್ನು ಒಂದು ಕಡೆ ಸರಿಸಿದಳು.

"ಹಂಗಾರ ಏನಂತ ಬರೀತಿ ಅನುರಾಧಾ? ಖಂಡೇಪೂಜಿ ಕಾವು ಅಂತ ಬರೀತೀಯೇನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನ ಕಾಯಿಸಿ ನೋಡಬೇಕಂದ್ರೂ ಇದನ್ನ ಯಾವುದಕ್ಕ ಹೋಲಸ್ತಿ? ಬರೀ ಕಿಣ್ವ ಎಲ್ಲೈತಿ?" ನಳಿಗೆಯನ್ನು ಮೊದಲಿದ್ದಲ್ಲೇ ಇಟ್ಟು ತರಗತಿಗೆ ಹೋದರು.

ದುರ್ಗಪ್ಪ ಒಳಗೆ ಬಂದ. "ನನ್ನ ಹೆಸರ ಹೇಳಬೇಕಿತ್ತವಾ ನೀ. ನನಗ ಬೈಸ್ಕೊಂಡು ರೂಢಿ ಐತಿ."

"ಅವ್ರು ಬೈದಿಲ್ಲಲ್ರಿ ಕಾಕಾ."

ಅವನು ಕಸ ಗುಡಿಸತೊಡಗಿದ.

ಅವಳು ಸತ್ತ ನಳಿಗೆಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿದಳು. ಚಿನ್ನದವು ಸ್ಟ್ಯಾಂಡಿನಲ್ಲಿ ಕೆಂಪಗೆ ಹಾಗೇ ಇದ್ದವು. ಹೋದದ್ದು ಬರೀ ಕಿಣ್ವದ ನಳಿಗೆ ಮೂವತ್ತು, ಮೂಲ ಕಿಣ್ವ ಒಂದು ಬಾಟಲಿ, ಅವಳ ಎರಡು ವರ್ಷ ಎಂಟು ತಿಂಗಳ ಕೆಲಸ.