ಡಿಕ್ಕಿಯಲ್ಲಿರಬೇಕಾಗಿದ್ದ ಕಲ್ಲು

ನನ್ನ ಕಾರಿಗೂ ಭಾವನ ಕಾರಿಗೂ ಸೇರಿ ಅರವತ್ತೆರಡು ವರ್ಷ ವಯಸ್ಸು. ಆದರೂ ಊಟಕ್ಕೆ ಕೂತರೆ ಸಾಕು, "ನಂದು ಐವತ್ತೆರಡು ಹಾರ್ಸ್‌ಪವರ್ ಕಣಯ್ಯಾ, ನಿಂದು ಬರೀ ನಲವತ್ತು," ಎಂದು ಭಾವ ಶುರು ಹಚ್ಚಿಕೊಳ್ಳುತ್ತಿದ್ದರು.

"ಮೈಲೇಜ್ ಹೇಳಿ ಭಾವ, ಮೈಲೇಜ್!" ಎಂದು ನಾನೂ ಬಿಡುತ್ತಿರಲಿಲ್ಲ.

ಕೇಳಿ ಕೇಳಿ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. "ನಾಳೆ ದಿಬ್ಬ ಹತ್ತಿ ತೋರ್ಸಿ, ಯಾರು ಮೊದ್ಲು ಬರ್ತೀರೋ ನೋಡ್ತೀನಿ," ಎಂದಳು. ಮರುದಿನ ಅಡುಗೆಮನೆಯ ಗಡಿಯಾರ ಹಿಡಿದು ದಿಬ್ಬದ ತುದಿಯಲ್ಲಿ ಹೋಗಿ ನಿಂತಳು.

ನಮ್ಮ ಎರಡೂ ಕಾರಿಗೆ ಹ್ಯಾಂಡ್‌ಬ್ರೇಕ್ ಹೆಸರಿಗಷ್ಟೇ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರದ ಹಿಂದೆ ಇಡಲೆಂದು ಇಬ್ಬರ ಡಿಕ್ಕಿಯಲ್ಲೂ ಒಂದೊಂದು ದಪ್ಪ ಕಲ್ಲಿರುತ್ತಿತ್ತು.

ಅರ್ಧ ಏರಿಗೇ ಎರಡೂ ಎಂಜಿನ್ ಕಾದು, ಬುಸ್ಸೆಂದು ಹಬೆ ಬಿಟ್ಟು, ಅಕ್ಕಪಕ್ಕದಲ್ಲಿ ನಿಂತುಬಿಟ್ಟವು. ಇಬ್ಬರೂ ಬ್ರೇಕ್ ತುಳಿದುಕೊಂಡೇ ಕೂತೆವು.

"ಭಾವ, ನಿಮ್ಮ ಹತ್ರ ಕಲ್ಲಿದ್ಯಾ? ಭಾರ ಕಡಿಮೆ ಆಗ್ಲಿ ಅಂತ ನಾನು ಮನೇಲೇ ಇಟ್ಟು ಬಂದೆ."

ಭಾವನ ಮುಖ ಹುಳ್ಳಗಾಯಿತು. "ನಾನೂ ಅದೇ ಮಾಡಿದೀನಿ ಕಣೋ."

ಬ್ರೇಕಿನಿಂದ ಕಾಲು ತೆಗೆಯುವಂತಿರಲಿಲ್ಲ. ಇಬ್ಬರೂ ಅಕ್ಕನನ್ನು ಕೂಗಿದೆವು. ಅವಳು ಒಂದೇ ಒಂದು ಕಲ್ಲು ಹಿಡಿದು ನಿಧಾನವಾಗಿ ಇಳಿದು ಬಂದು ನಮ್ಮಿಬ್ಬರ ನಡುವೆ ನಿಂತಳು.

"ಯಾರ ಕಾರು ಡಬ್ಬಾನೋ ಅವರಿಗೆ ಮೊದ್ಲು."

"ನಂದೇ ಅಕ್ಕಾ! ಲೀಟರಿಗೆ ಆರೂ ಕೊಡಲ್ಲ!"

"ಅವನ ಮಾತು ಕೇಳ್ಬೇಡ ಕಣೇ!" ಭಾವ ಕಿರುಚಿದರು. "ನಂದ್ರಲ್ಲಿ ಹನ್ನೆರಡು ಹಾರ್ಸ್‌ಪವರೂ ಇಲ್ಲ!"