ಪ್ರಿಚರ್ಡರ ಪೆಟ್ಟಿಗೆಯ ಹಾಡು

ಪರದೇಶದ ದೊಡ್ಡ ನಗರವೊಂದರ ಲೊರೆಶೋ ಬಡಾವಣೆಯಲ್ಲಿ ಭಾರ್ಗವಿ ಮತ್ತು ದ್ವಾರಕಾನಾಥ್ ದಂಪತಿ ಬಾಡಿಗೆಗಿದ್ದ ಮನೆಯ ಗ್ಯಾರೇಜಿನಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರ ತುಂಬ, ಹಿಂದೆ ಆ ಮನೆಯಲ್ಲಿದ್ದ ಎಮ್ರಿಸ್ ಪ್ರಿಚರ್ಡ್ ಎಂಬ ವೇಲ್ಸ್ ದೇಶದ ಸಸ್ಯವಿಜ್ಞಾನಿಯ ಕಾಗದಪತ್ರಗಳು. ಆತ ತನ್ನ ನಾಡಿನ ಜನಪದ ಹಾಡುಗಳನ್ನೂ ಸಂಗ್ರಹಿಸುತ್ತಿದ್ದ. ಕಾಗದ ದಂಡ ಮಾಡದ ಮನುಷ್ಯ. ಹಾಳೆಯ ಒಂದು ಬದಿಗೆ ಎಲೆಯ ಚಿತ್ರ, ಇನ್ನೊಂದು ಬದಿಗೆ ಹಾಡು.

ಅಂತಾರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ದಾಖಲೆ ಕಾಪಾಡುವ ಕೆಲಸದಲ್ಲಿದ್ದ ಭಾರ್ಗವಿ ಸುಮ್ಮನಿರುವವಳಲ್ಲ. ವೇಲ್ಸ್‌ನಲ್ಲಿದ್ದ ಪ್ರಿಚರ್ಡರ ಮೊಮ್ಮಗಳನ್ನು ಪತ್ತೆಹಚ್ಚಿದಳು. ಆಕೆ ದಯವಿಟ್ಟು ಕಳಿಸಿಕೊಡಿ ಎಂದಳು.

ವಿಮಾನ ನಿಲ್ದಾಣದ ಬಳಿ, ಎಂಬಕಸಿಯ ಕಾರ್ಗೋ ಕಚೇರಿಯಲ್ಲಿ ತಪಾಸಣೆಯ ಹೆಂಗಸು ಎಲೆಯ ಚಿತ್ರಗಳನ್ನು ಮೆಚ್ಚಿಕೊಂಡಳು. ಹಾಳೆ ತಿರುಗಿಸಿದವಳೇ ಹುಬ್ಬು ಗಂಟಿಕ್ಕಿದಳು. ಬರೀ ಇಂಗ್ಲಿಷ್ ಅಕ್ಷರಗಳು: ಎಸ್, ಎಂ, ಡಿ, ಆರ್. ನಡುನಡುವೆ ಚುಕ್ಕಿ, ಗೀಟು. ಕೆಳಗೆ ಯಾವುದೋ ಭಾಷೆ.

"ಇದೇನು, ಗುಪ್ತ ಸಂಕೇತವೇ?"

"ಹಾಡು," ಎಂದಳು ಭಾರ್ಗವಿ.

"ಹಾಗಾದರೆ ಹಾಡಿ."

ಭಾರ್ಗವಿ ಮೈಸೂರಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತವಳು. ಎಸ್ ಅಂದರೆ ಸ, ಎಂ ಅಂದರೆ ಮ, ಡಿ ಅಂದರೆ ದ ಎಂದು ಧೈರ್ಯವಾಗಿ ಶುರುಮಾಡಿದಳು. ಎಫ್ ಬಂದಾಗ ಕೆಮ್ಮಿ ಮುಂದೆ ಹೋದಳು. ಎಲ್‌ಗೂ ಕೆಮ್ಮಿದಳು.

"ಶ್ರುತಿ ಎಲ್ಲೋ ಹೋಗ್ತಿದೆ ಕಣೇ," ಎಂದ ಜೊತೆಗೆ ಬಂದಿದ್ದ ದ್ವಾರಕಾನಾಥ್.

"ನೀವು ಸುಮ್ನಿರಿ. ಕಾನ್ಸಂಟ್ರೇಟ್ ಮಾಡ್ತಿದೀನಿ!"

ಪಾರ್ಸೆಲ್ ತೂಗುತ್ತಿದ್ದ ಆಲ್ಫ್ರೆಡ್ ಎಂಬ ದಪ್ಪ ಆಳಿಗೆ ತಡೆಯಲಾಗಲಿಲ್ಲ. ಕೆಲಸ ಬಿಟ್ಟು ಬಂದು ಹಾಳೆ ಕಸಿದುಕೊಂಡ.

"ಅಮ್ಮಾ, ಸಾಕು! ಡಿ ಅಂದರೆ ಡೋ, ಆರ್ ಅಂದರೆ ರೇ, ಪಾಶ್ಚಾತ್ಯ ಸ್ವರಗಳು. ನಮ್ಮ ಚರ್ಚಿನ ಗಾಯನತಂಡ ಓದುವುದೇ ಇದನ್ನು."

ಗಂಟಲು ಸರಿಮಾಡಿಕೊಂಡು ಹಾಡಿದ. ಕೆಮ್ಮಿಲ್ಲದ ಹಾಡು ಎಷ್ಟು ಚೆನ್ನಾಗಿತ್ತು! ಟ್ರಾಲಿ ತಳ್ಳುತ್ತಿದ್ದವನೊಬ್ಬ ಮೇಲಿನ ದನಿ ಸೇರಿಸಿದ. ತಪಾಸಣೆಯ ಹೆಂಗಸು ತಾಳ ಹಾಕುತ್ತಲೇ ಮುದ್ರೆ ಒತ್ತಿದಳು. ಪೆಟ್ಟಿಗೆ ಹೊರಟಿತು. ಆಲ್ಫ್ರೆಡ್ ಅದಕ್ಕೂ ಮೊದಲೇ ಹಾಡಿನ ಫೋಟೊ ತೆಗೆದುಕೊಂಡಿದ್ದ.

ತಿಂಗಳ ನಂತರ ಅವನ ಫೋನ್ ಬಂತು: ಭಾನುವಾರ ಚರ್ಚಿನಲ್ಲಿ ಆ ಹಾಡು, ಇಬ್ಬರೂ ಬರಲೇಬೇಕು. ಶನಿವಾರ ವೇಲ್ಸ್‌ನಿಂದ ಮೊಮ್ಮಗಳ ಪತ್ರವೂ ಬಂತು. ಭಾರ್ಗವಿ ಕೇಳಿದ್ದ ಆ ಹಾಡಿನ ಅರ್ಥ ಬರೆದಿದ್ದಳು. ಸಂತೆಯಲ್ಲಿ ಕುಡಿದು ಮಲಗಿದ್ದ ರೈತನೊಬ್ಬ ಎದ್ದು, ತಪ್ಪಿಸಿಕೊಂಡ ತನ್ನ ಹಂದಿಯನ್ನು ಕೂಗಿ ಕರೆಯುವುದಂತೆ.

"ಅವರಿಗೆ ಹೇಳ್ಬಿಡೋದಾ?" ಎಂದಳು ಭಾರ್ಗವಿ.

"ನಲವತ್ತು ಜನ ಪ್ರಾಕ್ಟೀಸ್ ಮಾಡಿದಾರೆ. ಈಗ ಹೇಳ್ತೀಯಾ?"

ಹೇಳಲಿಲ್ಲ. ಭಾನುವಾರ ನೀಲಿ ನಿಲುವಂಗಿ ತೊಟ್ಟ ನಲವತ್ತು ಜನ ಕಣ್ಣು ಮುಚ್ಚಿ, ನಾಲ್ಕು ದನಿಗಳಲ್ಲಿ ಹಂದಿಯನ್ನು ಕರೆದರು. ದ್ವಾರಕಾನಾಥ್ ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡ. ಭಾರ್ಗವಿ ಮಾತ್ರ, ನಗುವಿನ ನಡುವೆಯೇ, ಯಾಕೋ ಅವರ ಜೊತೆ ಮೆಲ್ಲಗೆ ತಾಳ ಹಾಕತೊಡಗಿದಳು. ಪಕ್ಕದ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಅವಳ ಕೈ ಹಿಡಿದಳು.

"ಏನು ಹೇಳುತ್ತಿದ್ದಾರೆ ಮಗಳೇ?"

ಚರ್ಚಿನಲ್ಲಿ ಸುಳ್ಳು ಹೇಳಲು ಭಾರ್ಗವಿಗೆ ಮನಸ್ಸಾಗಲಿಲ್ಲ. "ಒಬ್ಬನ ಹಂದಿ ಕಳೆದುಹೋಗಿದೆ ಅಜ್ಜಿ."

"ಅಯ್ಯೋ ಪಾಪ," ಎಂದಳು ಅಜ್ಜಿ. "ಸಿಕ್ಕಿತಾ?"