ಹಿಂಬಾಗಿಲಿನ ಕುರಿ

ಸುಲಿದ ಕುರಿಯನ್ನು ಲುವ್ಸಾನ್ ಮುದುಕ ಜೀಪಿನಿಂದ ಎಳೆಯುತ್ತಿದ್ದಾಗ ಮಗಳು ಓಯುನ್ ಕೈ ಜೋಡಿಸಲು ಬಂದಳು. ಅವನು ಬಿಡಲಿಲ್ಲ. ದುಲ್ಮಾಳನ್ನು ಮಣ್ಣು ಮಾಡಿ ಬಂದವರು ಕೈ ತೊಳೆದು ಅವಳ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು. ಶಾಲೆಯ ಹಾಸ್ಟೆಲಿನಲ್ಲಿ ಆಯುಷ್ಯವಿಡೀ ಸೌಟು ತಿರುಗಿಸಿದ ಹೆಂಗಸು. ಈ ಗೋಬಿ ಮರುಭೂಮಿ ಸೀಮೆಯ ಅರ್ಧ ಮಕ್ಕಳು ಅವಳ ಬೈಗುಳ ತಿಂದೇ ದೊಡ್ಡವರಾದದ್ದು.

"ಇದೆಲ್ಲ ಯಾಕಪ್ಪ ಈಗ?"

"ಇವತ್ತಾದ್ರೂ ಹೇಳ್ಬೇಕು ಕಣೆ. ಇಲ್ಲಾಂದ್ರೆ ನಾನೂ ಹಿಂಗೇ ಹೋಗ್ಬಿಡ್ತೀನಿ."

ಏನನ್ನು ಎಂದರೆ ಕುರಿಯನ್ನು ಹೆಗಲಿಗೇರಿಸಿದ. ಮಗಳು ಅದೇ ಶಾಲೆಯಲ್ಲಿ ಟೀಚರಾದ ಮೇಲೂ ಆ ಅಡುಗೆಮನೆಯ ಕಡೆ ತಲೆ ಹಾಕದೆ ಇದ್ದ ಮನುಷ್ಯ ಅವನು.

*

ಓಯುನ್ ಚಿಕ್ಕವಳಿದ್ದಾಗ, ಸರ್ಕಾರದ ಕೈ ಬರಿದಾಗಿದ್ದ ಕಾಲ. ಮಗು ಹಾಸ್ಟೆಲ್ ಸೇರಬೇಕೆಂದರೆ ಹೆತ್ತವರು ಚಳಿಗಾಲಕ್ಕಾಗುವಷ್ಟು ಮಾಂಸ ತರಬೇಕಿತ್ತು. ತಕ್ಕಡಿ ಮುಂಬಾಗಿಲಲ್ಲಿ, ಎಲ್ಲರ ಕಣ್ಣೆದುರು. ತರಲಾಗದವರ ಮಕ್ಕಳು ಕುರಿ ಕಾಯಲಿ ಎಂದು ಸೆವ್ಜಿದ್ ಎಂಬ ಬಾಯಾಳಿ ಸಾಲಿನಲ್ಲಿ ನಿಂತು ಸಾರುತ್ತಿದ್ದಳು. ಹಿಮಕ್ಕೆ ಮಂದೆ ಕಳೆದುಕೊಂಡಿದ್ದ ಲುವ್ಸಾನ್ ಮಗಳನ್ನು ವಾಪಸು ಕರೆದೊಯ್ಯಲು ಅಡುಗೆಮನೆಯ ಹಿಂಬಾಗಿಲಿಗೆ ಬಂದ. ದುಲ್ಮಾ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಹಸಿ ತೊಗಲೊಂದನ್ನು ತಂದು ಹೆಗಲಿಗೆ ಎಸೆದಳು. ಕೊಟ್ಟ ಕುರಿಯ ತೊಗಲು ಕೊಟ್ಟವರಿಗೇ ವಾಪಸು, ಅದು ರೂಢಿ.

"ಮುಂದಿನ ಬಾಗಿಲಿಂದ ಹೋಗು, ಎಲ್ರೂ ನೋಡ್ಲಿ. ಹುಡುಗಿ ಇಲ್ಲೇ ಇರ್ತಾಳೆ."

ಅದು ದುಲ್ಮಾ ಅವನ ಹೆಸರಿಗೆ ಕೊಟ್ಟ, ಅವಳ ಮನೆಯದೇ ಕುರಿ. ಸಾಲಿನವರು ತೊಗಲು ನೋಡಿ, ಇವನೂ ಕುರಿ ಕೊಟ್ಟನೆಂದುಕೊಂಡು ದಾರಿ ಬಿಟ್ಟರು.

*

ಮುದುಕ ಕುರಿಯನ್ನು ದುಲ್ಮಾಳ ಮಗ ಪುರೆವ್‌ನ ಮುಂದಿಟ್ಟು ಎಲ್ಲರೆದುರು ಹೇಳಿಯೇಬಿಟ್ಟ.

"ಓಯುನ್ ಶಾಲೆ ಸೇರಿದ ವರ್ಷ ನಾನು ಒಂದು ತುಂಡೂ ತಂದಿರ್ಲಿಲ್ಲ. ನಿಮ್ಮಮ್ಮ ಊರಿಗೆಲ್ಲ ಸುಳ್ಳು ಹೇಳಿದ್ಳು."

ಓಯುನ್ ಬಟ್ಟಲನ್ನು ಕೆಳಗಿಟ್ಟಳು. ಆ ತೊಗಲಿನ ಕೋಟು ಹಾಕಿಕೊಂಡೇ ಅವಳು ಅಕ್ಷರ ಕಲಿತದ್ದು.

"ಗೊತ್ತಜ್ಜ," ಎಂದ ಪುರೆವ್. "ಆ ಚಳಿಗಾಲ ನಮ್ಮನೆ ಸಾರಲ್ಲಿ ಮಾಂಸ ಹುಡುಕೋಕೆ ಲಾಟೀನು ಬೇಕಿತ್ತು." ನಗುತ್ತಲೇ ಇದ್ದ, ಕಣ್ಣು ಮಾತ್ರ ತುಂಬಿತ್ತು. ಕುರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಲೆಯ ಕಡೆ ನಡೆದ.

ಮುದುಕನಿಗೆ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ಬೆಂಚಿನ ಮೇಲಿದ್ದ ಸೆವ್ಜಿದ್, ಈಗ ಹಲ್ಲಿಲ್ಲದ ಮುದುಕಿ, ತನ್ನ ಬಟ್ಟಲನ್ನೇ ನೋಡುತ್ತ ಮಾತಾಡಿದಳು.

"ನನಗೂ ಅವ್ಳು ತೊಗಲು ಹಿಂದಿನ ಬಾಗಿಲಲ್ಲೇ ಕೊಟ್ಟಿದ್ದು."

ಆಚೆ ತುದಿಯಲ್ಲಿ ಇನ್ನೊಬ್ಬ ಮುದುಕ ಕೆಮ್ಮಿ, ತನಗೂ ಎಂಬಂತೆ ತಲೆಯಾಡಿಸಿದ. ಸೆವ್ಜಿದ್ ಸ್ವಲ್ಪ ಸರಿದು, ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.